ಅಕ್ಕ ಬೋರಿಗೆ ಸುರಿದ ನೀರು

ಕೊರೆದ ಬಾವಿಯೊಳಗೆ ಉಪಕರಣ ಇಳಿಸಿ, ಒಳಗಿನ ಕಲ್ಲು ಎಂಥದೆಂದು ಗೆರೆಗಳಲ್ಲಿ ಓದುವುದು ನನ್ನ ಕಸುಬು. ಸುಣ್ಣಕಲ್ಲಿನಂಥ ಮೋಸಗಾರ ಕಲ್ಲು ಇನ್ನೊಂದಿಲ್ಲ. ಒಳಗೆ ಪೊಳ್ಳೇನೋ ಇರುತ್ತದೆ, ಆದರೆ ಒಂದು ಪೊಳ್ಳಿನಿಂದ ಇನ್ನೊಂದಕ್ಕೆ ದಾರಿ ಇದ್ದರೆ ಮಾತ್ರ ನೀರು.

ಸಂಡೂರು ಹತ್ತಿರದ ವಡ್ಡು ಎಂಬ ಊರಲ್ಲಿ ಅಕ್ಕನ ಹೊಲದಲ್ಲಿ ಬೋರ್ ಕೊರೆಸಿದಾಗ ಬರೀ ಧೂಳೆದ್ದಿತು. ತಳದಲ್ಲಿ ಒಂದಿಷ್ಟು ನೀರು ನಿಂತಿತಾದರೂ ಮೋಟರು ಹಾಕಿದ ಕೂಡಲೇ ಖಾಲಿ. ಅಕ್ಕನಿಗೆ ಅಲ್ಲಿ ಮೆಣಸಿನ ಸಸಿ ಬೆಳೆಸಿ ಮಾರುವ ಆಸೆ. ಭಾವನಿಗೆ ಆ ಜಾಗವನ್ನು ಗಣಿ ಲಾರಿ ನಿಲ್ಲಿಸಲು ಬಾಡಿಗೆಗೆ ಕೊಡುವ ಆತುರ.

"ನಿನ್ ತಮ್ಮ ಬಂದು ನೋಡ್ಲಿ. ಇಲ್ಲಂದ್ರ ಲಾರಿಯೋರಿಗೆ ಹೂಂ ಅಂತೀನಿ" ಎಂದಿದ್ದರಂತೆ.

ಹೊಸಪೇಟೆಯಿಂದ ಸಾಮಾನು ಹೇರಿಕೊಂಡು ಹೋದೆ. ಒಂದು ಕಡೆ ಬಾವಿ ಅಗಲವಾಗಿತ್ತು. ಜೇಡಿಮಣ್ಣು ಇದ್ದಲ್ಲಿ ಏರುವ ಗಾಮಾ ಗೆರೆ ಅಲ್ಲಿ ಏರಿರಲಿಲ್ಲ. ಅಂದರೆ ಪೊಳ್ಳೇ ಸರಿ. ದಾರಿ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ಯಾವ ಗೆರೆಯೂ ಬಾಯಿಬಿಡಲಿಲ್ಲ. ಅಷ್ಟರಲ್ಲಿ ಅಕ್ಕ ಬಂದು ಕೊಡದ ನೀರನ್ನು ಬೋರಿನ ಬಾಯಿಗೆ ಸುರಿದುಬಿಟ್ಟಳು.

"ಅಕ್ಕಾ, ಏನ್ ಮಾಡಾಕತ್ತೀ?"

"ದಿನಾ ನಾಕಾರು ಕೊಡ ಹಾಕ್ತೀನಲೇ, ಹಂಪಿ ಹೊಳಿ ನೀರು ಬೆರೆಸಿ. ಗಂಗಮ್ಮನ್ನ ಕರಿಯೋದು ಬ್ಯಾಡೇನು?"

ಮೈಯೆಲ್ಲ ಉರಿಯಿತು. ನನ್ನ ಅಳತೆಯೆಲ್ಲ ಹೊಳೆಯಲ್ಲಿ ಹುಣಸೇಹಣ್ಣು ತೊಳೆದಂತಾಯಿತೆಂದು ರೇಗಾಡಿದೆ. ರೇಗುತ್ತಿರುವಾಗಲೇ ಅನುಮಾನ ಬಂತು. ದಿನಾ ಸುರಿದ ಆ ನೀರೆಲ್ಲ ಎಲ್ಲಿ ಹೋಯಿತು? ನೀರಿನ ಮಟ್ಟ ಕೊರೆದ ದಿನ ಇದ್ದಷ್ಟೇ ಇತ್ತಲ್ಲ!

"ಅಕ್ಕಾ, ಇದ್ದಬದ್ದ ಕೊಡ ಎಲ್ಲಾ ತಾ, ಜಲ್ದಿ!"

ಭಾವ ಗೊಣಗುತ್ತಲೇ ಒಂದು ಡ್ರಮ್ಮು ನೀರು ತಂದರು. ಸುರಿದೆವು. ಮಟ್ಟ ಏರಿತು. ಊಟ ಮುಗಿಸಿ ಬರುವಷ್ಟರಲ್ಲಿ ನಿಧಾನಕ್ಕೆ ಇಳಿದು ಹಳೇ ಗುರುತಿಗೇ ನಿಂತಿತ್ತು. ದಾರಿ ಇತ್ತು. ಕೊರೆದಾಗಿನ ಕಲ್ಲುಹುಡಿ ಅದನ್ನು ಅರ್ಧ ಮುಚ್ಚಿತ್ತು, ಅಷ್ಟೇ. ಗಾಳಿ ಹೊಡೆಸಿ ತೊಳೆಸೋಣ, ಅಲ್ಲಿಯವರೆಗೆ ಲಾರಿಯವರಿಗೆ ಏನೂ ಹೇಳಬೇಡಿ ಎಂದೆ. ಭಾವ ಗಡ್ಡ ಕೆರೆದುಕೊಂಡು ಒಪ್ಪಿದರು.

ಕಂಪ್ರೆಸರ್ ಬಂದ ದಿನ ಮೊದಲು ಬೂದು ಕೆಸರು ಚಿಮ್ಮಿತು, ಆಮೇಲೆ ತಿಳಿನೀರು. ನಿಲ್ಲಲೇ ಇಲ್ಲ. ನನಗೆ ಅಳು ಬಂತು, ನಾಚಿಕೆಯೇನಿಲ್ಲ. ಲಾರಿಯವರ ಫೋನ್ ಬಂದಾಗ ಭಾವ ತಾವಾಗಿಯೇ, "ಆಗಂಗಿಲ್ರಿ, ಸಸಿ ಹಾಕ್ತೀವಿ" ಎಂದರು.

ಹೊರಡುವಾಗ ಅಕ್ಕ ಅದೇ ಕೊಡವನ್ನು ತುಂಬಿ ಕಾರಿನಲ್ಲಿಟ್ಟಳು. "ಹಂಪಿಗೆ ಹೋಗಿ ಹೊಳಿಗೆ ಹಾಕು. ಅಕಿ ನೀರು ಅಕಿಗೆ."

ಸಂಡೂರು ರಸ್ತೆಯ ಗುಂಡಿಗಳಲ್ಲಿ ಒಂದು ಹನಿಯೂ ಚೆಲ್ಲದಂತೆ, ಹಿಂದಿನ ಲಾರಿಗಳು ಎಷ್ಟು ಹಾರ್ನ್ ಹೊಡೆದರೂ ನಿಧಾನಕ್ಕೇ ಹೋದೆ.