ತೆರೆದ ಬಾಗಿಲಿಗೂ ಶಿಫಾರಸು

ಶಂಕರಪುರದ ನಮ್ಮ ಬೀದಿಯ ರಾಮಾನುಜ ಅವರಿಗೆ ಒಂದು ಕಾಯಿಲೆ ಇದೆ. ತೆರೆದಿರುವ ಬಾಗಿಲಿನಲ್ಲಿ ಅವರು ಸುಮ್ಮನೆ ಒಳಗೆ ಹೋಗಲಾರರು, ‘ನಮ್ಮವರು’ ಯಾರಾದರೂ ಬಂದು ಕರೆದುಕೊಂಡು ಹೋಗಬೇಕು. ಪಾಸ್‌ಬುಕ್ ತುಂಬಿಸಲು ಬ್ಯಾಂಕ್ ಮ್ಯಾನೇಜರಿಗೆ ಫೋನು ಮಾಡುತ್ತಾರೆ. ದೇವಸ್ಥಾನದಲ್ಲಿ ನರಪಿಳ್ಳೆ ಇಲ್ಲದಿದ್ದರೂ ಅರ್ಚಕರನ್ನು ಹೊರಗೆ ಕರೆಸಿ, ಅವರ ಹಿಂದೆಯೇ ಒಳಗೆ ನಡೆಯುತ್ತಾರೆ. ಜೀವನವೆಲ್ಲ ಸರ್ಕಾರಿ ಕಚೇರಿಯಲ್ಲಿ ಕೂತು ಜನರನ್ನು ಕಾಯಿಸಿದ ಮನುಷ್ಯ. ಕೇಳಿದ ತಕ್ಷಣ ಸಿಕ್ಕಿದ್ದನ್ನು ಅವರು ನಂಬುವುದಿಲ್ಲ.

ಅವರ ಮೊಮ್ಮಗಳು ಲಾಸ್ಯಾ ಜಾಣೆ. ಅವಳ ಹೈಸ್ಕೂಲು ಸೀಟು, ಪಿಯುಸಿ ಸೀಟು ಎರಡೂ ಅವಳ ಅಂಕಕ್ಕೇ ಸಿಕ್ಕಿದ್ದವು. ಆದರೆ ಯಾವ ಮದುವೆಮನೆಗೆ ಹೋದರೂ ತಾತ, ತಾವು ಒಂದು ಮಾತು ಹೇಳಿದ್ದಕ್ಕೇ ಸೀಟು ಸಿಕ್ಕಿತೆಂದು ಡಂಗುರ ಸಾರುತ್ತಿದ್ದರು. ಹುಡುಗಿ ಎಲೆಯ ಮುಂದೆ ತಲೆ ತಗ್ಗಿಸಿ ಕೂತಿರುತ್ತಿದ್ದಳು.

ಈ ವರ್ಷ ಚಾಮರಾಜಪೇಟೆಯ ಒಂದು ಸಣ್ಣ ಕಾಲೇಜು ಇತಿಹಾಸದಲ್ಲಿ ಆನರ್ಸ್ ಶುರುಮಾಡಿತು. ಇತಿಹಾಸ ಯಾರಿಗೆ ಬೇಕು? ಸೀಟು ತುಂಬದೆ ಗಾಂಧಿಬಜಾರಿನಲ್ಲಿ ಕರಪತ್ರ ಹಂಚುತ್ತಿದ್ದರು. ಲಾಸ್ಯಾ ಅರ್ಜಿ ಹಾಕಿ, ಪ್ರವೇಶ ಪರೀಕ್ಷೆಯನ್ನೂ ಬರೆದು ಬಂದಳು. ಅಜ್ಜಿ ಅಂಬುಜಮ್ಮನವರ ಹತ್ತಿರ ಮಾತ್ರ ಹೇಳಿದಳು.

“ತಾತಂಗೆ ಹೇಳ್ಬೇಡಿ ಅಜ್ಜಿ. ಇದೊಂದು ಸೀಟು ನಾನೇ ತಗೋತೀನಿ.”

ಅಂಬುಜಮ್ಮನವರ ಬಾಯಲ್ಲಿ ಗುಟ್ಟು ನಿಲ್ಲುವುದುಂಟೇ? ಮಾರನೆಯ ಬೆಳಿಗ್ಗೆಯೇ ರಾಮಾನುಜ ಅವರು ಹಣ್ಣಿನ ಬುಟ್ಟಿ ಹಿಡಿದು, ಕಾಲೇಜಿನ ಟ್ರಸ್ಟಿನ ಕಾರ್ಯದರ್ಶಿ ವೀರಭದ್ರಯ್ಯನವರ ಮನೆಯಲ್ಲಿ ಕೂತಿದ್ದರು. ತಮ್ಮ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾರೆಂಬುದೇ ವೀರಭದ್ರಯ್ಯನವರಿಗೆ ಗೊತ್ತಿರಲಿಲ್ಲ. ಆದರೂ ಹಣ್ಣಿನ ಮರ್ಯಾದೆಗೆ ಪ್ರಿನ್ಸಿಪಾಲರಿಗೆ ಫೋನು ಮಾಡಿದರು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವುದೆಂದರೆ ಇದೇ.

ಫಲಿತಾಂಶ ಬಂತು. ಲಾಸ್ಯಾ ಮೊದಲನೆಯವಳು. ತರಗತಿಯ ಮೊದಲ ದಿನ ಪ್ರಿಯಂವದಾ ಮೇಡಂ ಹಾಜರಿ ಕರೆಯುತ್ತಾ ಅವಳ ಹೆಸರು ಬಂದಾಗ ತಲೆಯೆತ್ತಿ ನೋಡಿದರು.

“ಓ, ವೀರಭದ್ರಯ್ಯನವ್ರು ಹೇಳಿದ್ದ ಹುಡುಗಿ ನೀನೇನಾ? ಕೂತ್ಕೋ.”

ಸಂಜೆ ಅವಳು ನಮ್ಮ ಮನೆಗೆ ಬಂದು ಅತ್ತಳು. ನನಗೆ ಮೈಯೆಲ್ಲ ಉರಿಯಿತು. ಎದ್ದು ಎದುರುಮನೆಗೆ ಹೋದರೆ, ತಾತ ಜಗುಲಿಯಲ್ಲಿ ಕೂತು ಹೋಗಿಬರುವವರಿಗೆಲ್ಲ ಮೈಸೂರುಪಾಕು ಹಂಚುತ್ತಿದ್ದಾರೆ. ನಿಮ್ಮಿಂದ ಹುಡುಗಿಯ ಮಾನ ಹೋಯಿತು ಎಂದು ಮುಖಕ್ಕೇ ಹೇಳಿದೆ. ಅವರಿಗೆ ಕೋಪವೂ ಬರಲಿಲ್ಲ. ಏನೂ ತಿಳಿಯದವನನ್ನು ನೋಡುವಂತೆ ನನ್ನನ್ನು ನೋಡಿದರು.

“ಮೆರಿಟ್ ಇದ್ರೂ ಒಂದು ಮಾತು ಹೇಳ್ಸಿಡ್ಬೇಕು ಸ್ವಾಮಿ,” ಎಂದು ನನ್ನ ಕೈಗೂ ಒಂದು ತುಂಡು ಇಟ್ಟರು.

ಮಾರನೆಯ ದಿನ ಲಾಸ್ಯಾ ಕಾಲೇಜಿಗೆ ಹೊರಟಾಗ ತಾತನೂ ಚಪ್ಪಲಿ ಮೆಟ್ಟಿದರು. ಅವರನ್ನು ಗೇಟಿನಲ್ಲೇ ತಡೆದು ನಿಲ್ಲಿಸಿ ಎಂದು ಅಂಬುಜಮ್ಮನವರು ನನ್ನನ್ನೂ ಜೊತೆಗೆ ಅಟ್ಟಿದರು. ಗುಟ್ಟು ಬಿಟ್ಟುಕೊಟ್ಟ ತಪ್ಪಿಗೆ ಅವರ ಪ್ರಾಯಶ್ಚಿತ್ತವಿರಬೇಕು.

ಪ್ರಿಯಂವದಾ ಮೇಡಂ ಗೇಟಿನ ಹತ್ತಿರವೇ ಸಿಕ್ಕರು. ಲಾಸ್ಯಾ ನೇರವಾಗಿ ಅವರ ಮುಂದೆ ಹೋಗಿ ನಿಂತಳು.

“ಮೇಡಂ, ಇನ್ನೊಂದ್ಸಲ ಪರೀಕ್ಷೆ ಕೊಡಿ. ಬೇರೆ ಪ್ರಶ್ನೆ ಕೊಡಿ. ನಿಮ್ಮೆದುರಿಗೇ ಕೂತು ಬರೀತೀನಿ. ಬರ್ಲಿಲ್ಲ ಅಂದ್ರೆ ಸೀಟು ಬೇಡ.”

ಮೇಡಂ ಅವಳನ್ನು ನೋಡಿದರು, ಆಮೇಲೆ ಹಿಂದೆ ನಿಂತಿದ್ದ ತಾತನನ್ನು ನೋಡಿದರು. ಅರ್ಥವಾಯಿತೆಂದು ಕಾಣುತ್ತದೆ. ಬಾ ಎಂದು ಅವಳೊಬ್ಬಳನ್ನೇ ಒಳಗೆ ಕರೆದುಕೊಂಡು ಹೋದರು. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ. ಅವಳ ಆ ನಡಿಗೆ ನೋಡಿ ನನ್ನ ಕಣ್ಣು ತುಂಬಿತು.

ಈಗಲಾದರೂ ಈ ಮನುಷ್ಯನಿಗೆ ಬುದ್ಧಿ ಬಂದಿರಬಹುದೆಂದು ಪಕ್ಕಕ್ಕೆ ತಿರುಗಿದೆ. ಅವರು ಅಲ್ಲಿರಲಿಲ್ಲ. ವಾಚ್‌ಮನ್ ನಾರಾಯಣಪ್ಪನ ಸ್ಟೂಲಿನ ಹತ್ತಿರ ಬಗ್ಗಿ, ದನಿ ತಗ್ಗಿಸಿ ಕೇಳುತ್ತಿದ್ದರು.

“ಪೇಪರ್ ತಿದ್ದೋ ಆ ಮೇಡಂಗೆ ಹೇಳೋರು, ನಿಮ್ಕಡೆಯವ್ರು ಯಾರಾದ್ರೂ ಇದಾರೇನಪ್ಪಾ?”