ಹಾಲಣ್ಣ ಗುರುತು ಹಾಕಿದ ಮೈದಾನ

ನಂಜನಾಡಿನ ಕಡೆಯ ಹಟ್ಟಿಯೊಂದರಲ್ಲಿ ಕ್ಯಾರೆಟ್ ಬೆಳೆದು, ತಾನೇ ಪಿಕಪ್ ಓಡಿಸಿ ಊಟಿ ಮಂಡಿಗೆ ಹಾಕುವ ಹಾಲಣ್ಣನಿಗೆ ಜನ್ಮವೈರಿ ಅಂತ ಇದ್ದದ್ದು ಒಂದೇ: ಮೇ ತಿಂಗಳ ಟ್ರಾಫಿಕ್. ಆಗ ಊಟಿಯಲ್ಲಿ ಬಸ್ಸು ಹತ್ತಿದ ಹುಡುಗನಿಗೆ ಹಟ್ಟಿಯಲ್ಲಿ ಇಳಿಯುವಷ್ಟರಲ್ಲಿ ಮೀಸೆ ಬಂದಿರುತ್ತಿತ್ತು. ಹಾಲಣ್ಣನ ಕ್ಯಾರೆಟ್ಟಂತೂ ಮಂಡಿ ಮುಟ್ಟುವ ಮೊದಲೇ ಗಾಡಿಯಲ್ಲಿ ಬೇರುಬಿಟ್ಟು ಎರಡನೇ ಬೆಳೆ ಕೊಡುತ್ತಿತ್ತು.

ಕೊಯಮತ್ತೂರಿನ ಪ್ರವಾಸಿ ಆ್ಯಪ್ ಕಂಪನಿಯೊಂದರಿಂದ ಅಭಿನಯಾ ಎಂಬ ಹುಡುಗಿ ಬಂದದ್ದು ಇಂಥ ಹೊತ್ತಿನಲ್ಲಿ. "ಜನವೆಲ್ಲ ಒಂದೇ ಕಡೆ ನುಗ್ತಾರಲ್ಲ ಅಣ್ಣಾ, ನಮ್ಮ ಆ್ಯಪ್ ಅವರನ್ನ ಚದುರಿಸುತ್ತೆ. ನಿಮ್ಮ ಕಡೆ ಯಾರೂ ಹೋಗದ ಜಾಗ ಇದ್ದರೆ ಅದರಲ್ಲಿ ಗುರುತು ಹಾಕಿ."

ಹಟ್ಟಿಯ ಪಡುವಣಕ್ಕೆ ಅಂಥ ಹಸಿರು ಮೈದಾನವಿತ್ತು. ಸತ್ತವರನ್ನು ಮಂಚದ ಮೇಲೆ ಮಲಗಿಸಿ, ಸುತ್ತ ಕುಣಿದು ಕಳಿಸಿಕೊಡುವ ದಿನ ಬಿಟ್ಟರೆ ಹಟ್ಟಿಯ ಬಡಗ ಜನ ಯಾರೂ ಅಲ್ಲಿ ಕಾಲಿಡುತ್ತಿರಲಿಲ್ಲ. ಅದನ್ನು ಬಿಡಿಸಿ ಹೇಳಬೇಕೆಂದು ಹಾಲಣ್ಣನಿಗೆ ಹೊಳೆಯಲೇ ಇಲ್ಲ. ಅಷ್ಟೂ ಗೊತ್ತಾಗದ ಮನುಷ್ಯ ಭೂಮಿಯ ಮೇಲೆ ಇರಲಾರ ಅಂತ ಅವನ ಎಣಿಕೆ. ಬಂದವರು ದೂರದಿಂದಲೇ ಕೈಮುಗಿದು ಹೊರಟುಹೋಗುತ್ತಾರೆ, ಮಂಡಿಯ ರಸ್ತೆ ಬಿಡುವಾಗುತ್ತದೆ. ಫೋಟೋ ತೆಗೆದು ಗುರುತು ಹಾಕಿಯೇಬಿಟ್ಟ.

ರಸ್ತೆ ನಿಜಕ್ಕೂ ಬಿಡುವಾಯಿತು. ಕಾರುಗಳೆಲ್ಲ ಮೈದಾನಕ್ಕೆ ಬಂದವು. ಮಂಚ ಇಡುವ ಜಾಗದಲ್ಲೇ ಒಬ್ಬ ಪುಣ್ಯಾತ್ಮ ಸ್ಟವ್ ಹಚ್ಚಿ ನೂಡಲ್ಸ್ ಬೇಯಿಸಿದ.

ತಾಯಿ ಸತ್ತ ಮೇಲೆ ಹಾಲಣ್ಣನನ್ನು ಸಾಕಿದವಳು ಅಕ್ಕ ಪಾಪಾತಿ. ಅವಳು ಜಗಲಿಯಿಂದಲೇ ಇದನ್ನು ನೋಡಿದಳು.

"ತಮ್ಮಾ, ಅಲ್ಲಿ ಸತ್ತದ್ದು ಯಾರೋ? ಇಷ್ಟೊಂದು ನೆಂಟರಿರೋರು ನಮ್ಮಲ್ಲಿ ಯಾರಿದ್ದಾರೆ?"

"ಯಾರೂ ಸತ್ತಿಲ್ಲಕ್ಕ. ಸುಮ್ನೆ ಊಟಕ್ಕೆ ಬಂದಿದ್ದಾರೆ."

"ಹೆಣವಿಲ್ಲದೆ ಸಾವಿನೂಟವೇ!" ಎಂದು ನಕ್ಕವಳು, ಆಮೇಲೆ ನಗಲಿಲ್ಲ. "ಅವ್ವನನ್ನ ಮಲಗಿಸಿದ ಜಾಗದಲ್ಲೇ ನನ್ನನ್ನೂ ಮಲಗಿಸಬೇಕು. ಅಷ್ಟರೊಳಗೆ ಆ ಜಾಗ ಬಿಡಿಸಿಡು."

ಹಾಲಣ್ಣ ಅಭಿನಯಾಗೆ ಫೋನ್ ಮಾಡಿದ. "ನಾನು ಆ ಕೆಲಸ ಬಿಟ್ಟೆ ಅಣ್ಣಾ," ಎಂದಳು ಅವಳು. ಗುರುತು ಅಳಿಸಲು ಅವನಿಗೆ ಬರಲಿಲ್ಲ. ಕೊನೆಗೆ ಅದರ ಕೆಳಗೆ, 'ಇಲ್ಲಿ ಹುಲಿ ಇದೆ, ಯಾರೂ ಬರಬೇಡಿ' ಎಂದು ಬರೆದ. ಬರುವವರು ದುಪ್ಪಟ್ಟಾದರು. ನಿಜವಾದ ಹುಲಿ ಬಂದಿದ್ದರೂ ಪಾರ್ಕಿಂಗ್ ಸಿಗದೆ ಮುದುಮಲೈ ಕಾಡಿಗೆ ವಾಪಸ್ಸಾಗಬೇಕಿತ್ತು.

ಪಾಪಾತಕ್ಕ ತೀರಿಕೊಂಡದ್ದು ರಜೆಯ ದಿನ. ಮಂಚ ಹೊತ್ತವರು ಮೈದಾನದ ಬಾಯಿಗೆ ಬಂದರೆ ಬೀಗ ಹಾಕಿದ ಕಾರುಗಳ ಗೋಡೆ. ಒಡೆಯರು ಹುಲಿ ಹುಡುಕಲು ಗುಡ್ಡ ಹತ್ತಿದ್ದರು. ಹಾಲಣ್ಣ ಒಂದೊಂದೇ ಕಾರಿನ ಗಾಜು ಬಡಿಯುತ್ತಾ ಓಡಾಡಿದ. ಒಳಗಿಂದ ಒಂದು ನಾಯಿಮರಿ ಮಾತ್ರ ಬೊಗಳಿತು.

"ಹೊತ್ತು ಇಳೀತಾ ಇದೆ ಹಾಲಾ," ಎಂದ ಹಟ್ಟಿಯ ಯಜಮಾನ ಹಿರಿಯಣ್ಣ, ಬೈಯದೆ. "ನಿನ್ನ ಹೊಲಕ್ಕೇ ನಡಿ."

ಬೈದಿದ್ದರೆ ಚೆನ್ನಾಗಿತ್ತು. ಹಾಲಣ್ಣ ಎಳೆ ಕ್ಯಾರೆಟ್ ಕಿತ್ತು ಮಂಚಕ್ಕೆ ಜಾಗ ಮಾಡಿದ. ಮೆಟ್ಟಿಲು ಹೊಲದಲ್ಲಿ ಸುತ್ತು ಕುಣಿತ ಹೇಗೆ ಕೂಡಬೇಕು? ಅರ್ಧ ನೆಂಟರು ಮೇಲಿನ ಮೆಟ್ಟಿಲಲ್ಲಿ, ಅರ್ಧ ಕೆಳಗಿನದರಲ್ಲಿ. ನಾಲ್ಕು ಹೆಜ್ಜೆಗೆ ಕೈ ಕಳಚಿ, ಸುತ್ತು ಕಡಿದುಹೋಗುತ್ತಿತ್ತು.

ಕಡೆಗೆ ಹಿರಿಯಣ್ಣ ಪದ್ಧತಿಯಂತೆ, ಸತ್ತವಳು ಬದುಕಿನಲ್ಲಿ ಮಾಡಿರಬಹುದಾದ ತಪ್ಪುಗಳನ್ನು ಒಂದೊಂದಾಗಿ ಕೂಗತೊಡಗಿದ. ಪ್ರತಿಯೊಂದಕ್ಕೂ ನೆರೆದವರು 'ಕಳೆಯಲಿ' ಅನ್ನಬೇಕು. ಗಡಿಕಲ್ಲು ಸರಿಸಿದ್ದರೆ, ಕಳೆಯಲಿ. ನೆರೆಯವರ ಹಸುವನ್ನು ಹೊಡೆದಿದ್ದರೆ, ಕಳೆಯಲಿ. ಹಾದಿ ಕೇಳಿದವರಿಗೆ ತೋರಬಾರದ ಹಾದಿ ತೋರಿದ್ದರೆ...

ಎರಡೂ ಮೆಟ್ಟಿಲಿನವರು ಒಂದೇ ದನಿಯಲ್ಲಿ 'ಕಳೆಯಲಿ' ಎಂದರು. ಹಾಲಣ್ಣ ಮಾತ್ರ ಮಂಚದ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಪಾಪಾತಕ್ಕ ಹಟ್ಟಿ ದಾಟಿದ್ದೇ ಅಪರೂಪ. ಯಾರಿಗೂ ಹಾದಿ ತೋರಿಸಿದವಳಲ್ಲ. ತನ್ನ ತಪ್ಪನ್ನು ಅವಳ ಹೆಸರಿಗೆ ಕಟ್ಟಿ ಕಳಿಸುತ್ತಿದ್ದಾರಲ್ಲ ಅನ್ನಿಸಿತು. ಮಂಚ ಎತ್ತಲು ಬಂದವರಿಗೆ, ಅದರ ಕಾಲಿನಿಂದ ಅವನ ಬೆರಳುಗಳನ್ನು ಬಿಡಿಸುವುದೇ ದೊಡ್ಡ ಕೆಲಸವಾಯಿತು.