ಉಗುರಿನ ಹೆಸರಿನ ಕಲ್ಲು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಎರಡು ಗಂಡುಕೂಸು ಆದಮೇಲೆ ಬಂದ ಮೊದಲ ಹೆಣ್ಣುಕೂಸು. ಇವತ್ತು ತೊಟ್ಟಿಲಿಗೆ ಹಾಕಿ ಹೆಸರಿಟ್ಟೆವು. ಹೆಸರು ಬರೆಯೋಲ್ಲ, ದೃಷ್ಟಿಯಾದೀತು. ಇಂಥ ದಿನವೂ ನನ್ನ ಹೊಟ್ಟೆ ಉರಿಸಿದವರು ನಮ್ಮನೆಯವರು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮೇಟಗಳ್ಳಿಯ ಕಲ್ಲು ಪಾಲಿಶ್ ಕಾರ್ಖಾನೇಲಿ ಚಕ್ರದ ಮುಂದೆ ಕೂತವಳು ಕಣ್ಣು ಮಂಜಾಗುವ ತನಕ ಏಳಲಿಲ್ಲ. ಕೆಲಸ ಬಿಡುವಾಗ ಮೇಸ್ತ್ರಿ ಒಂದು ಓನಿಕ್ಸ್ ಕಲ್ಲು ಕೊಟ್ಟರು. ಕಪ್ಪು ಮೈ, ನಡುವೆ ಬಿಳಿ ಪಟ್ಟೆ. ಗ್ರೀಕರ ಭಾಷೇಲಿ ಓನಿಕ್ಸ್ ಅಂದರೆ ಉಗುರಂತೆ, ಅವರೇ ಹೇಳಿದ್ದು. ಯಾವುದೋ ದೇವತೆ ಮಲಗಿದ್ದಾಗ ಮಗ ಅವಳ ಉಗುರು ಕತ್ತರಿಸಿ ಚೆಲ್ಲಿದನಂತೆ, ಅದು ಕಲ್ಲಾಯಿತಂತೆ. ಕಂಡಕಂಡಲ್ಲಿ ಉಗುರು ಚೆಲ್ಲಿದ್ದಕ್ಕೆ ನಮ್ಮತ್ತೆಯಾಗಿದ್ದರೆ ಬೆನ್ನಿಗೆ ಬಾರಿಸೋರು. ಆದರೂ ಆ ಹೆಸರು ನನಗೆ ಹಿಡಿಸಿತ್ತು. ತೊಟ್ಟಿಲ ದಿನ ಮೊಮ್ಮಗಳ ಉಡುದಾರಕ್ಕೆ ಅದನ್ನೇ ಕಟ್ಟಬೇಕು ಅಂತ ಡಬ್ಬೀಲಿ ಇಟ್ಟಿದ್ದೆ.

ಬಿಲ್ಲೆ ಮಾಡಿಸೋಕೆ ಒಂಟಿಕೊಪ್ಪಲಿನ ಕಲ್ಲು ಕೊಯ್ಯುವವನ ಹತ್ತಿರ ಇವರನ್ನು ಕಳಿಸಿದ್ದೇ ನನ್ನ ತಪ್ಪು. ಇವರು ಬಡಗಿ, ಜೀವಮಾನವೆಲ್ಲ ಮರ ಕೊಯ್ದವರು. ‘ಎಳೆ ಹಿಡಿದು ಕೊಯ್ಯಪ್ಪ, ಅಡ್ಡ ಕೊಯ್ದರೆ ಸೀಳುತ್ತೆ’ ಅಂತ ಅವನಿಗೇ ಪಾಠ ಹೇಳಿ ಬಂದಿದ್ದಾರೆ. ಪಟ್ಟೆ ಕಾಣಬೇಕಾದರೆ ಈ ಕಲ್ಲನ್ನು ಅಡ್ಡಲಾಗಿಯೇ ಕೊಯ್ಯಬೇಕು. ಬೆಳಗ್ಗೆ ನನ್ನ ಕೈಗೆ ಬಂದದ್ದು ಬರೀ ಕಪ್ಪು ಬಿಲ್ಲೆ.

‘ಬಿಳಿ ಎಲ್ಲಿ?’

‘ಇನ್ನೊಂದು ತುಂಡಲ್ಲಿ ಉಳಕೊಂತು, ಅಲ್ಲೇ ಬಿಟ್ಟೆ. ಇದು ಎಷ್ಟು ನುಣ್ಣಗಿದೆ ನೋಡೇ.’

‘ಅಂಗಿ ಗುಂಡಿ ಮಾಡಿಸ್ಕೊಂಡು ಬಂದ್ಬುಟ್ರಲ್ಲ. ನೀವೇ ಹೊಲ್ಕೊಳ್ಳಿ.’

‘ಬುಡಮ್ಮ, ಒಂದು ಕರಿಮಣಿ ಕಟ್ಟಿದ್ರಾಯ್ತು,’ ಅಂದಳು ಬಾಣಂತಿ ಮಗಳು.

ನಾನು ಬಿಡಲಿಲ್ಲ. ಹೂಟಗಳ್ಳಿಯ ಮನೆಯಿಂದ ಒಂಟಿಕೊಪ್ಪಲಿಗೆ ಆಟೋ ಹತ್ತಿದೆ. ದಾರಿಯುದ್ದಕ್ಕೂ ಇವರನ್ನು ಬೈಕೊಂಡೇ ಹೋದೆ, ಆ ತುಂಡನ್ನು ಅವನು ಎಸೆದುಬಿಟ್ಟಿದ್ದರೆ ಅಂತ ಆಟೋದವನನ್ನು ಅವಸರಪಡಿಸಿದೆ. ಪುಣ್ಯಕ್ಕೆ ಕಲ್ಲಿನ ಚೂರು ಹಾಕೋ ಅವನ ಬಕೆಟ್ಟಿನ ತಳದಲ್ಲಿತ್ತು. ಅವನಿಂದ ಅಡ್ಡಲಾಗಿ ಕೊಯ್ಸಿ, ‘ಏಳಪ್ಪ ಒಸಿ’ ಅಂತ ಎಬ್ಬಿಸಿ, ಚಕ್ರದ ಮುಂದೆ ನಾನೇ ಕೂತೆ. ಕಣ್ಣು ಸರಿಯಾಗಿ ಕಾಣದು, ಬೆರಳಿಗೆ ಕೆಲಸ ಮರೆತಿರಲಿಲ್ಲ. ಉಗುರಷ್ಟೇ ಅಗಲದ ಕಲ್ಲಾಯಿತು, ನಡುವೆ ಬಿಳಿ ಗೆರೆ. ತೂತು ಕೊರೆಸಿ, ಐದು ಗಂಟೆಯೊಳಗೆ ಮನೆ ಸೇರಿ, ತೊಟ್ಟಿಲಿಗೆ ಹಾಕೋ ಮುಂಚೆ ಕೂಸಿನ ಸೊಂಟಕ್ಕೆ ಕಟ್ಟಿದೆ.

ಸಂಜೆ ಮನೆಮಂದಿಯೆಲ್ಲ ಸಾಲಾಗಿ ಎಲೆ ಮುಂದೆ ಕೂತರು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಇವರ ಒಬ್ಬಟ್ಟಿಗೆ ತುಪ್ಪ ಹಾಕುವಾಗ, ‘ಉದ್ದಕ್ಕೆ ಹಾಕಲೋ, ಅಡ್ಡಕ್ಕೋ?’ ಅಂದೆ.

‘ನೀನು ಎಂಗೆ ಹಾಕಿದ್ರೆ ಅಂಗೆ,’ ಅಂದರು, ತಲೆ ಎತ್ತದೆ.

ಮಗಳು ನಗು ತಡೀಲಾರದೆ ನೀರು ನೆತ್ತಿಗೇರಿಸಿಕೊಂಡಳು. ನಾನೂ ಒಂದು ಎಲೆ ಹಾಕಿಕೊಂಡು ಇವರ ಪಕ್ಕದಲ್ಲೇ ಕೂತು ಉಂಡೆ.